ಪ್ರತಿಜ್ಞೆ ಆಮೇಲೆ, ಮೊದಲು ಫಾರಂ 6

ಕಾಲೇಜಿನಲ್ಲಿ ಪಾಠ ಮಾಡುವುದರ ಜೊತೆಗೆ ಮತದಾರರ ಸಾಕ್ಷರತಾ ಸಂಘವನ್ನೂ ನಾನೇ ನೋಡಿಕೊಳ್ಳುತ್ತೇನೆ. ಈ ಕೆಲಸ ಕಲಿಸಿದ್ದನ್ನು ಬೇರೆ ಕಾಲೇಜುಗಳ ಮೇಷ್ಟ್ರುಗಳಿಗೂ ಹೇಳಬೇಕು ಅನ್ನಿಸಿತು. ಈಗಿನ ಹುಡುಗರಿಗೆ ಚುನಾವಣೆ ಅಂದ್ರೆ ಆಸಕ್ತಿಯೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪುವುದಿಲ್ಲ. ವೋಟು ಹಾಕದವರನ್ನು ಕೂರಿಸಿಕೊಂಡು ಮಾತಾಡಿಸಿ ನೋಡಿ, ತುಂಬಾ ಜನರ ಹೆಸರೇ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ, ಇದ್ದರೂ ಹೆಸರು ಊರಲ್ಲಿ, ಅವರು ಹಾಸ್ಟೆಲ್‌ನಲ್ಲಿ.

ಜನವರಿ 25ಕ್ಕೆ ಮತದಾರರ ದಿನ ಅಂತ ಜಾಥಾ, ಪ್ರತಿಜ್ಞೆ ಎಲ್ಲ ನಡೆಯುತ್ತದೆ. ನಡೆಯಲಿ, ಒಳ್ಳೆಯದೇ. ಆದರೆ ಅವತ್ತೇ ಫಾರಂ ತುಂಬಿಸದಿದ್ದರೆ ಅದರಿಂದ ಒಂದು ವೋಟೂ ಹೆಚ್ಚಾಗುವುದಿಲ್ಲ. ಹಾಗಾಗಿ ನಾವು ತರಗತಿಯಲ್ಲೇ ಮೊಬೈಲ್ ತೆಗೆಸುತ್ತೇವೆ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಮೊದಲು ಹೆಸರು ಹುಡುಕಬೇಕು, ಇಲ್ಲದಿದ್ದರೆ ಅಲ್ಲೇ ಕೂತು ಫಾರಂ 6, ಅಂದರೆ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ತುಂಬಬೇಕು. "ಮನೆಗೆ ಹೋಗಿ ಮಾಡ್ತೀನಿ ಸರ್" ಅಂದವರು ಮಾಡುವುದು ಕಡಿಮೆ.

18 ಆಗಲಿ ಅಂತ ಕಾಯುವುದೂ ಬೇಡ. ಮೊದಲೆಲ್ಲ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಒಂದು ದಿನ ತಪ್ಪಿದರೂ ಇಡೀ ವರ್ಷ ಕಾಯಬೇಕು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬಂದಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಅಂದರೆ ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಹೊತ್ತಿಗೇ ಈ ಕೆಲಸ ಮುಗಿಸಬಹುದು.

ಹಾಸ್ಟೆಲ್ ವಿಷಯದಲ್ಲಿ ಗೊಂದಲ ಜಾಸ್ತಿ. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿ ಅಪ್ಪ ಅಮ್ಮ ಇರುವ ಊರಲ್ಲೇ ಹೆಸರು ಇಟ್ಟುಕೊಳ್ಳಬಹುದು, ಇಲ್ಲವೇ ಇಲ್ಲೇ ಓದುತ್ತಿದ್ದಾರೆ ಅನ್ನುವ ಬೋನಾಫೈಡ್ ಪತ್ರವನ್ನು ಪ್ರಾಂಶುಪಾಲರಿಂದ ಪಡೆದು ಹಾಸ್ಟೆಲ್ ವಿಳಾಸಕ್ಕೂ ಸೇರಿಸಬಹುದು. ಎರಡರಲ್ಲಿ ಒಂದೇ. ಎರಡೂ ಕಡೆ ಹೆಸರಿರುವಂತಿಲ್ಲ. ಈಗಾಗಲೇ ಊರಲ್ಲಿ ಹೆಸರಿದ್ದರೆ ವಿಳಾಸ ಬದಲಿಸಲು ಫಾರಂ 8. ಯಾವುದು ಒಳ್ಳೆಯದು ಅಂತ ಕೇಳ್ತಾರೆ. ಮತದಾನದ ದಿನ ನೀನು ನಿಜವಾಗಿ ಎಲ್ಲಿರ್ತೀಯ, ಅದನ್ನು ನೋಡಿ ತೀರ್ಮಾನ ಮಾಡು ಅನ್ನುತ್ತೇನೆ. ಇದೆಲ್ಲ ಚುನಾವಣೆ ಘೋಷಣೆಗೆ ಮೊದಲೇ ಆಗಬೇಕು, ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಕೈಯಲ್ಲಿ ವೋಟರ್ ಐಡಿ ಇಲ್ಲ ಅಂತ ಮನೆಯಲ್ಲಿ ಉಳಿಯುವವರೂ ಇದ್ದಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ನಡೆಯುತ್ತದೆ.

"ನನ್ನ ಒಂದು ವೋಟಿಂದ ಏನಾಗುತ್ತೆ ಸರ್?" ಈ ಪ್ರಶ್ನೆ ಬಂದೇ ಬರುತ್ತದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಮತದಿಂದ, 40,752ಕ್ಕೆ 40,751. ಈ ಅಂಕಿಯನ್ನು ಬೋರ್ಡ್ ಮೇಲೆ ಬರೆದು ಸುಮ್ನೆ ನಿಲ್ಲುತ್ತೇನೆ.

ಯಾರಿಗೆ ಹಾಕಬೇಕು ಅಂತ ಮಾತ್ರ ನಾನು ಹೇಳುವುದಿಲ್ಲ, ಸುಳಿವೂ ಕೊಡುವುದಿಲ್ಲ. ಮೇಷ್ಟ್ರಿಗೆ ಮಾರ್ಕ್ಸ್ ಕೊಡುವ ಅಧಿಕಾರ ಇರುತ್ತದೆ, ಅಲ್ವಾ? ಬದಲಿಗೆ ಅಭ್ಯರ್ಥಿಗಳ ಅಫಿಡವಿಟ್ ಓದಿಸುತ್ತೇನೆ. ಆಸ್ತಿ, ಸಾಲ, ಓದು, ಕ್ರಿಮಿನಲ್ ಕೇಸು ಎಲ್ಲ ಅದರಲ್ಲಿರುತ್ತದೆ, ಆಯೋಗದ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ತಮ್ಮ ಕ್ಷೇತ್ರದವರ ಅಫಿಡವಿಟ್ ಓದುವಾಗ ಹಿಂದಿನ ಬೆಂಚಿನವರೂ ಮುಂದೆ ಬರ್ತಾರೆ. ನೋಟಾ, ಅಂದರೆ 'ಇವರಲ್ಲಿ ಯಾರೂ ಬೇಡ' ಅನ್ನುವ ಬಟನ್ ಬಗ್ಗೆಯೂ ಅಲ್ಲೇ ಚರ್ಚೆ. ನೋಟಾಗೇ ಜಾಸ್ತಿ ಮತ ಬಿದ್ದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ ಅಂದಾಗ ತುಂಬಾ ಜನರಿಗೆ ಆಶ್ಚರ್ಯ.

ಕಾಲೇಜುಗಳು ಮಾಡಬೇಕಾದ ಇನ್ನೊಂದು ಕೆಲಸ ಇದೆ. ಮತದಾನದ ಮರುದಿನವೇ ಇಂಟರ್ನಲ್ಸ್ ಇಟ್ಟರೆ ದೂರದ ಊರಿನ ಹುಡುಗಿ ಬಸ್ ಹತ್ತುವುದಾದರೂ ಹೇಗೆ? ದಿನಾಂಕ ಪ್ರಕಟವಾದ ಕೂಡಲೇ ಪರೀಕ್ಷೆಯ ವೇಳಾಪಟ್ಟಿ ಮಾಡುವವರ ಹತ್ತಿರ ಹೋಗಿ, ಹಿಂದೆ ಮುಂದೆ ಒಂದೊಂದು ದಿನ ಖಾಲಿ ಬಿಡಿ ಅಂತ ಲಿಖಿತವಾಗಿಯೇ ಕೇಳಿ.