ಮೆಡ್ ಸ್ಕೂಲ್ ಅರ್ಜಿ ತಯಾರಿ: ಜನವರಿಯಿಂದ ಏಪ್ರಿಲ್‌ವರೆಗೆ

ಜನವರಿ, ಎರಡನೇ ವಾರ

ನಾನೀಗ ಅಮೆರಿಕದ ಓಹಾಯೋದ ಒಂದು ಕಾಲೇಜಿನಲ್ಲಿ ಬಯಾಲಜಿ ಮೂರನೇ ವರ್ಷ. ಮೇ ಕೊನೆಗೆ ಅರ್ಜಿ ಹಾಕಬೇಕು. ದಾವಣಗೆರೆಯಿಂದ ದೊಡ್ಡಪ್ಪ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಡಿಗ್ರಿ ಮುಗಿಸಿ ಆಮೇಲೆ ಡಾಕ್ಟರ್ ಓದೋದಾ? ನೀಟ್ ಥರ ಒಂದು ಪರೀಕ್ಷೆ ಬರೆದ್ರೆ ಆಗಲ್ವೇನೋ?" ಆಗಲ್ಲ ದೊಡ್ಡಪ್ಪ. ಇಲ್ಲಿ ನಾಲ್ಕು ವರ್ಷದ ಡಿಗ್ರಿ, ಅದರ ಮೇಲೆ ನಾಲ್ಕು ವರ್ಷ ಎಂ.ಡಿ., ಅಂದರೆ ನಮ್ಮೂರ ಎಂಬಿಬಿಎಸ್ ಥರ. ಪರೀಕ್ಷೆಯೂ ಇದೆ, ಎಂಕ್ಯಾಟ್. ಅದರ ಜೊತೆಗೆ ಆಸ್ಪತ್ರೆಯಲ್ಲಿ ಏನು ಮಾಡಿದೆ, ಲ್ಯಾಬ್‌ನಲ್ಲಿ ಏನು ಮಾಡಿದೆ, ನಿನ್ನ ಬಗ್ಗೆ ಯಾರು ಪತ್ರ ಬರೆಯುತ್ತಾರೆ, ಎಲ್ಲವನ್ನೂ ಕೇಳುತ್ತಾರೆ.

ಈಗಿನ ಲೆಕ್ಕ ಹೀಗಿದೆ. ಎಮರ್ಜೆನ್ಸಿ ವಿಭಾಗದಲ್ಲಿ ಸ್ವಯಂಸೇವೆ 168 ಗಂಟೆ. ಒಬ್ಬ ಫ್ಯಾಮಿಲಿ ಡಾಕ್ಟರ ಕೆಲಸ ನೋಡುತ್ತಾ ಅವರ ಹಿಂದೆ ಸುತ್ತಿದ್ದು 32 ಗಂಟೆ. ಲ್ಯಾಬ್ ಕೆಲಸ ಮೂರನೇ ಸೆಮಿಸ್ಟರ್‌ನಿಂದ ನಡೆಯುತ್ತಿದೆ. ವಿಜ್ಞಾನ ವಿಷಯಗಳ ಜಿಪಿಎ (4ಕ್ಕೆ ಎಷ್ಟು ಅನ್ನುವ ಸರಾಸರಿ) ಎರಡನೇ ವರ್ಷದ ಕೊನೆಗೆ 3.48 ಇತ್ತು, ಈಗ 3.61.

ಆ 3.48ಕ್ಕೆ ಕಾರಣ ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದನೇ ಭಾಗ. ಸಿ ಪ್ಲಸ್. ನಾಲ್ಕು ಕ್ರೆಡಿಟ್‌ನ ವಿಷಯ, 2.3ರ ಲೆಕ್ಕ. ಮತ್ತೆ ಅದನ್ನೇ ತಗೊಂಡು ಎ ಮಾಡಿದರೆ ಹಳೆಯದು ಅಳಿಸಿಹೋಗುತ್ತೆ ಅಂತ ರೂಮ್‌ಮೇಟ್ ಹೇಳಿದ್ದ. ಸುಳ್ಳು. ಎಂ.ಡಿ. ಕಾಲೇಜುಗಳಿಗೆ ಅರ್ಜಿ ಕಳಿಸುವ ಆಮ್ಕ್ಯಾಸ್‌ನಲ್ಲಿ ಎರಡು ಸಲದ್ದೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಮುಂದಿನ ವಿಷಯಗಳನ್ನು ಚೆನ್ನಾಗಿ ಮಾಡೋಣ ಅಂತ ಹೊರಟೆ. ಎರಡನೇ ಭಾಗದಲ್ಲಿ ಎ ಮೈನಸ್ ಬಂತು. ಅಷ್ಟರಮಟ್ಟಿಗೆ ಸಮಾಧಾನ.

ಜನವರಿ, ಕೊನೆಯ ವಾರ

ಇವತ್ತು ಅರ್ಜಿಯ ಚಟುವಟಿಕೆಗಳ ಭಾಗಕ್ಕೆ ಕರಡು ಶುರು ಮಾಡಿದೆ. ಹೆಚ್ಚೆಂದರೆ 15 ಚಟುವಟಿಕೆ. ಒಂದೊಂದಕ್ಕೆ 700 ಅಕ್ಷರ, ಪದ ಅಲ್ಲ ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ಅದರಲ್ಲಿ ಮೂರನ್ನು 'ನನಗೆ ತುಂಬಾ ಮುಖ್ಯವಾದದ್ದು' ಅಂತ ಆರಿಸಿದರೆ ಆ ಮೂರರಲ್ಲಿ ಒಂದೊಂದಕ್ಕೂ ಇನ್ನೂ 1,325 ಅಕ್ಷರ ಸಿಗುತ್ತೆ.

ಎಮರ್ಜೆನ್ಸಿಯ ಬಗ್ಗೆ ಬರೆಯೋಣ ಅಂತ ನನ್ನ ಶೀಟ್ ತೆಗೆದೆ. 42 ಸಾಲು. ಪ್ರತಿ ಸಾಲಿನಲ್ಲೂ ತಾರೀಖು, 'ಇಆರ್', '4 ಗಂಟೆ'. ಅಷ್ಟೇ. ಎರಡು ವರ್ಷ ಕಿರಾಣಿ ಅಂಗಡಿ ಲೆಕ್ಕದ ಪುಸ್ತಕದ ಥರ ಬರೆದಿಟ್ಟಿದ್ದೇನೆ. 42 ದಿನಗಳಲ್ಲಿ ಕಣ್ಣಿಗೆ ಕಟ್ಟುವ ಹಾಗೆ ನೆನಪಿರುವುದು ಐದೋ ಆರೋ. ಉಳಿದ ದಿನ ನಾನು ಅಲ್ಲಿ ಏನು ಮಾಡುತ್ತಿದ್ದೆ? ಕಂಬಳಿ ಬಿಸಿ ಮಾಡುವ ಬೀರು ತುಂಬಿಸಿದ್ದೆ, ಸ್ಟ್ರೆಚರ್ ಒರೆಸಿದ್ದೆ, ಅದು ಗೊತ್ತು. ಯಾರಿಗೆ ಕಂಬಳಿ ಕೊಟ್ಟೆ, ಅವರು ಏನಂದರು, ಒಂದೂ ಇಲ್ಲ.

ಹೊಸದಾಗಿ ಕೆಲಸ ಶುರು ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಗಂಟೆ ಬರೆದ ಕಡೆಯೇ ಎರಡು ಸಾಲು ನಡೆದದ್ದನ್ನೂ ಬರೆದಿಡಿ, ಅವತ್ತೇ. ರೋಗಿಯ ಹೆಸರು, ಊರು, ಗುರುತು ಸಿಗುವಂಥದ್ದು ಏನೂ ಬೇಡ.

ಫೆಬ್ರವರಿ, ಮೊದಲ ವಾರ

ನೆನಪಿರುವ ಐದಾರು ದಿನಗಳಲ್ಲಿ ಒಂದನ್ನು ಬರೆಯಲು ಕೂತೆ. ಶೀಟ್‌ನಲ್ಲಿ ಅದೂ ಬರೀ '4 ಗಂಟೆ'.

ಅವತ್ತು ಒಬ್ಬ ಅಜ್ಜಿ ಬಂದಿದ್ದರು. ಮಗ ಕಾರು ನಿಲ್ಲಿಸಲು ಹೋಗಿದ್ದ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು "ಸಂಕಟ ಆಗ್ತಿದೆ ಕಣಪ್ಪ" ಅಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಕನ್ನಡ ಬರುತ್ತೆ ಅಂತ ನರ್ಸ್‌ಗೆ ಹೇಳಿದೆ. ಆಕೆಗೆ ಖುಷಿಯಾಯಿತು, ಆದರೂ ಕೈ ಅಡ್ಡ ಹಿಡಿದರು. ಸ್ವಯಂಸೇವಕರು ಕಾಯಿಲೆಯ ಮಾತು ಅನುವಾದ ಮಾಡುವ ಹಾಗಿಲ್ಲ, ಅದಕ್ಕೆ ತರಬೇತಿ ಪಡೆದ ದುಭಾಷಿಯೇ ಬೇಕು. ಟ್ಯಾಬ್ಲೆಟ್ ಕಟ್ಟಿದ ಕಂಬ ತಳ್ಳಿಕೊಂಡು ಬಂದರು. ಕನ್ನಡಕ್ಕೆ ವಿಡಿಯೊ ಇರಲಿಲ್ಲ, ದನಿ ಮಾತ್ರ.

ಆ ಕಾಯುವ ಹೊತ್ತಿನಲ್ಲಿ ನನಗೆ ಒಳಗೊಳಗೇ ಸಿಟ್ಟು. ನಾನಿಲ್ಲೇ ನಿಂತಿದ್ದೇನಲ್ಲ! ಸಂಕಟ ಅಂದರೆ ನೋವು, ಇಷ್ಟು ಹೇಳೋಕೆ ದುಭಾಷಿ ಯಾಕೆ ಅಂದುಕೊಂಡೆ.

ಕೊನೆಗೂ ಲೈನ್ ಸಿಕ್ಕಿತು. ಅಜ್ಜಿ ಅದೇ ಮಾತು ಹೇಳಿದರು. ದುಭಾಷಿ ತಕ್ಷಣ ಇಂಗ್ಲಿಷ್‌ಗೆ ತಿರುಗಿಸಲಿಲ್ಲ. ಒಂದು ಪದ ಸರಿಯಾಗಿ ತಿಳಿದುಕೊಳ್ಳಬೇಕು ಅಂತ ನರ್ಸ್‌ಗೆ ಹೇಳಿ, ಅಜ್ಜಿಯನ್ನು ಕೇಳಿದರು: "ಅಮ್ಮಾ, ಸಂಕಟ ಅಂದರೆ ನೋವಾ, ವಾಂತಿ ಬರೋ ಹಾಗಾ?" ಅಜ್ಜಿ: "ನೋವಲ್ಲಮ್ಮ, ಹೊಟ್ಟೆ ತೊಳಸ್ತಿದೆ."

ನಾನು ಬಾಯಿ ಹಾಕಿದ್ದರೆ ನೋವು ಅಂತ ಬರೆಸಿಬಿಡುತ್ತಿದ್ದೆ. ಎಂಟನೇ ಕ್ಲಾಸಿಗೆ ಊರು ಬಿಟ್ಟು ಬಂದ ನನ್ನ ಕನ್ನಡದ ಮೇಲೆ ನನಗೆ ಭಾರಿ ನಂಬಿಕೆ! ಆಮೇಲೆ ಅಜ್ಜಿಗೆ ಬಿಸಿ ಕಂಬಳಿ ತಂದು ಹೊದಿಸಿ, ಮಗ ಬರುವವರೆಗೂ ಪಕ್ಕದಲ್ಲಿ ಕೂತೆ. ಊಟ ಆಯ್ತಾ ಅಂತ ಅವರೇ ನನ್ನನ್ನು ಕೇಳಿದರು.

ಮೊದಲ ಕರಡು 2,900 ಅಕ್ಷರ.

ಫೆಬ್ರವರಿ, ಕೊನೆ

ಶಿಫಾರಸು ಪತ್ರ. ಬಹಳಷ್ಟು ಕಾಲೇಜುಗಳು ವಿಜ್ಞಾನದ ಇಬ್ಬರು, ಬೇರೆ ವಿಷಯದ ಒಬ್ಬರು ಮೇಷ್ಟ್ರ ಪತ್ರ ಕೇಳುತ್ತವೆ. ಸಿ ಪ್ಲಸ್ ಕೊಟ್ಟ ಆರ್ಗ್ಯಾನಿಕ್ ಪ್ರೊಫೆಸರ್ ಹತ್ತಿರವೇ ಹೋದೆ. ಅಮ್ಮನಿಗೆ ಇದು ಹುಚ್ಚು ಅನ್ನಿಸಿತು. ಆದರೆ ಎರಡನೇ ಭಾಗವನ್ನೂ ಅವರೇ ಪಾಠ ಮಾಡಿದ್ದು, ಮತ್ತು ಆ ಇಡೀ ಸೆಮಿಸ್ಟರ್ ನಾನು ಪ್ರತಿ ವಾರ ಅವರ ಕೋಣೆಯಲ್ಲಿ ಬೋರ್ಡ್ ಮೇಲೆ ರಿಯಾಕ್ಷನ್‌ಗಳ ಬಾಣ ಬರೆದು ಬರೆದು ತಪ್ಪು ಮಾಡಿದವನು. ನೂರೈವತ್ತು ಜನರ ಕ್ಲಾಸಿನಲ್ಲಿ ಎ ತಗೊಂಡು ಸುಮ್ನೆ ಹೋದ ವಿಷಯದ ಮೇಷ್ಟ್ರಿಗೆ ನನ್ನ ಮುಖವೂ ಗೊತ್ತಿಲ್ಲ. ಆರ್ಗ್ಯಾನಿಕ್ ಪ್ರೊಫೆಸರ್ ಒಪ್ಪಿಕೊಂಡರು. ಎರಡನೆಯದು ಲ್ಯಾಬ್‌ನ ಪ್ರೊಫೆಸರ್.

ಲ್ಯಾಬ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಹಣ್ಣಿನ ನೊಣಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮಲಗಿಸಿ, ಮೈಕ್ರೋಸ್ಕೋಪ್ ಕೆಳಗೆ ಪೇಂಟ್ ಬ್ರಷ್‌ನಿಂದ ಗಂಡು ಹೆಣ್ಣು ಬೇರೆ ಮಾಡುವುದು. ಕಳೆದ ವಾರ ಗ್ಯಾಸ್ ಮುಗಿದದ್ದು ನೋಡಲಿಲ್ಲ. ಎಲ್ಲವೂ ಎದ್ದು ಹಾರಿದವು.

ಮಾರ್ಚ್

ಎಂಕ್ಯಾಟ್ ಏಪ್ರಿಲ್‌ನಲ್ಲಿ. ಒಟ್ಟು ಅಂಕ 472ರಿಂದ 528, ನಾಲ್ಕು ಭಾಗ, ಒಂದೊಂದಕ್ಕೆ 118ರಿಂದ 132. ಪ್ರಶ್ನೆಗಳಿಗೇ ಆರೂಕಾಲು ಗಂಟೆ. ಮೊದಲ ಪೂರ್ತಿ ಅಭ್ಯಾಸ ಪರೀಕ್ಷೆಯಲ್ಲಿ 503. ಮೂರು ವಿಜ್ಞಾನ ಭಾಗಗಳು 127, 127, 126. ಓದಿ ಅರ್ಥ ಮಾಡಿಕೊಳ್ಳುವ ಕಾರ್ಸ್ ಭಾಗ 123.

ಕಾರ್ಸ್‌ನಲ್ಲಿ 90 ನಿಮಿಷ, 9 ಗದ್ಯಭಾಗ, 53 ಪ್ರಶ್ನೆ. ಹೊರಗಿನ ಜ್ಞಾನ ಬೇಡವೇ ಬೇಡ. ನನಗೆ ಕಷ್ಟವಾಗಿದ್ದು ಅದೇ. ತಪ್ಪಾದ ಉತ್ತರಗಳನ್ನು ಒಂದೊಂದಾಗಿ ನೋಡಿದೆ. ಅರ್ಧದಷ್ಟು ಕಡೆ ಲೇಖಕ ಹೇಳಿದ್ದನ್ನು ಬಿಟ್ಟು ನನಗೆ ಸರಿ ಅನ್ನಿಸಿದ್ದನ್ನು ಗುರುತು ಹಾಕಿದ್ದೆ. ಸಂಕಟ ಅಂದರೆ ನೋವು ಅಂದುಕೊಂಡ ಗಿರಾಕಿ ಅಲ್ವಾ! ಈಗ ಪ್ರತಿ ಉತ್ತರಕ್ಕೂ ಗದ್ಯದ ಯಾವ ಸಾಲು ಆಧಾರ ಅಂತ ಬೆರಳಿಟ್ಟು ತೋರಿಸಿದ ಮೇಲೆಯೇ ಮುಂದೆ. ನಿಧಾನ, ಆದರೆ ತಿಂಗಳ ಕೊನೆಯ ಪರೀಕ್ಷೆಯಲ್ಲಿ ಒಟ್ಟು 508, ಕಾರ್ಸ್ 125.

ಏಪ್ರಿಲ್, ಕೊನೆ

ಪರೀಕ್ಷೆ ಬರೆದಾಯಿತು. ಫಲಿತಾಂಶಕ್ಕೆ ಒಂದು ತಿಂಗಳ ಮೇಲೆ ಕಾಯಬೇಕು, ಅಷ್ಟರಲ್ಲಿ ಅರ್ಜಿ ಹಾಕುವ ದಿನವೂ ಬಂದಿರುತ್ತೆ. ಮೂರನೇ ಪತ್ರ ಇನ್ನೂ ಬಂದಿಲ್ಲ, ಎರಡು ಸಲ ನೆನಪಿಸಿದ್ದೇನೆ.

ಶೀಟ್‌ನಲ್ಲಿ ಈಗ ಹೊಸ ಕಾಲಂ ಇದೆ. ನಿನ್ನೆಯ ಸಾಲು: 'ಇಆರ್, 4 ಗಂಟೆ. ಕಾಲು ಮುರಿದ ಹುಡುಗ ಕಂಬಳಿ ಬೇಡ ಅಂದ, ಅವನ ಅಪ್ಪ ಹೊದ್ದುಕೊಂಡರು.'

ಅಜ್ಜಿಯ ವಿಷಯ 2,900ರಿಂದ 1,366ಕ್ಕೆ ಇಳಿದಿದೆ. ಮಿತಿ 1,325, ಇನ್ನೂ 41 ಅಕ್ಷರ ಕಡಿಮೆಯಾಗಬೇಕು. ಮೊದಲ ವಾಕ್ಯದಲ್ಲಿ 'ಪ್ಯಾಷನೇಟ್' ಅಂತ ಒಂದು ಕಡೆ ಇದೆ, ಅದನ್ನು ಕಿತ್ತರೆ ಪಕ್ಕದ ಖಾಲಿ ಜಾಗವೂ ಸೇರಿ ಇಂಗ್ಲಿಷ್‌ನಲ್ಲಿ 11 ಹೋಗುತ್ತೆ. ಉಳಿದ 30 ನಾಳೆ.