ರೆಡಿಮೇಡ್ ಪ್ರಾಜೆಕ್ಟ್

ಬೆಂಗಳೂರು ಭಾರತದ ಸಿಲಿಕಾನ್ ವ್ಯಾಲಿ ಎಂದು ಯಾರಾದರೂ ಮೀಸೆ ತಿರುವಿದಾಗಲೆಲ್ಲ ನನಗೆ ಪಂಜಾಬಿನ ಮೊಹಾಲಿ ನೆನಪಾಗುತ್ತದೆ. ಅಲ್ಲಿನ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲೇ ಚಿಪ್ ತಯಾರಿಸುತ್ತಿತ್ತು. ಇಂದು ಜಗತ್ತಿಗೇ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ ಕಂಪನಿ ಹುಟ್ಟಿದ್ದೇ 1987ರಲ್ಲಿ. 1989ರಲ್ಲಿ ಮೊಹಾಲಿಯ ಆ ಕಾರ್ಖಾನೆಗೆ ಬೆಂಕಿ ಬಿತ್ತು, ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಹಾಗೆಂದು ಬೆಂಕಿಯೊಂದನ್ನೇ ದೂರುವಂತಿಲ್ಲ. ಸಂಶೋಧನೆಗೆ ನಾವು ಜಿಡಿಪಿಯ ಶೇ 1ರಷ್ಟನ್ನೂ ಖರ್ಚು ಮಾಡುವುದಿಲ್ಲ, ದಕ್ಷಿಣ ಕೊರಿಯಾ ಶೇ 4ಕ್ಕಿಂತ ಹೆಚ್ಚು ಮಾಡುತ್ತದೆ.

ಹಣದ ಮಾತು ಹಾಗಿರಲಿ, ಕಲಿಕೆಯ ಗತಿ ನೋಡಿ. ಮೊನ್ನೆ ಪರಿಚಯದ ಹುಡುಗನೊಬ್ಬ, ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷ, ತನ್ನ ಪ್ರಾಜೆಕ್ಟ್ ತಂದಿದ್ದ. ಮಣ್ಣು ಒಣಗಿದರೆ ತಾನಾಗಿಯೇ ನೀರು ಹಾಯಿಸುವ ಸಾಧನ. ಪಂಪು ತಿರುಗಲಿಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೊಟ್ಟು, "ರಿಲೇಗೆ ವೋಲ್ಟೇಜ್ ಬರುತ್ತಿದೆಯೇ ನೋಡಪ್ಪಾ" ಎಂದೆ. ಕೆಂಪು ತಂತಿ ಒಂದು ಕೈಯಲ್ಲಿ, ಕಪ್ಪು ತಂತಿ ಇನ್ನೊಂದರಲ್ಲಿ, ಎಲ್ಲಿ ಮುಟ್ಟಿಸಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ಆಮೇಲೆ ಆರಾಮವಾಗಿ ಹೇಳಿದ: "ಅಂಗಡಿಯಲ್ಲಿ ಕೊಂಡದ್ದು ಸಾರ್, ಅವರೇ ಸರಿಮಾಡಿ ಕೊಡುತ್ತಾರೆ. ವರದಿಯೂ ಅವರದೇ."

ಆ ಆರಾಮ ಕಂಡು ಮೈ ಉರಿಯಿತು. (ಹುಡುಗ ಒಳ್ಳೆಯವನು, ಅದು ಬೇರೆ ಮಾತು.) ಆದರೆ ಬೈಯುವುದಾದರೆ ಅವನೊಬ್ಬನನ್ನೇ ಏಕೆ? ನಾಲ್ಕು ವರ್ಷವೂ ಅವನು ಹಿರಿಯ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್ ನೋಡಿ ಬರೆದದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದ ಮೇಷ್ಟ್ರುಗಳಿದ್ದಾರೆ. ಕೆಲಸ ಸಿಕ್ಕರೆ ಸಾಕು, ಕಲಿಯುವುದು ಆಮೇಲೆ ನೋಡಿಕೊಂಡರಾಯಿತು ಎಂದ ಅಪ್ಪ ಅಮ್ಮ ಇದ್ದಾರೆ. ಆ ಅಂಗಡಿಯವನಂತೂ ವರ್ಷ ವರ್ಷ ಅದೇ ಪಂಪನ್ನು ಹೊಸ ಬಣ್ಣ ಬಳಿದು ಮಾರುತ್ತಿರಬೇಕು. ಇಡೀ ವ್ಯವಸ್ಥೆಯಲ್ಲಿ ಆ ಪಂಪನ್ನು ತಿರುಗಿಸುವ ವಿದ್ಯೆ ಗೊತ್ತಿರುವವನು ಬಹುಶಃ ಅವನೊಬ್ಬನೇ.