ಮುಂದೆ ಕಿಟಕಿಯಿಲ್ಲದ ಮನೆ

“ಇದೇನಪ್ಪಾ, ಮುಂದೆ ಕಿಟಕಿನೇ ಇಲ್ಲ, ಹಿಂದೆ ಗೋಡೆನೇ ಇಲ್ಲ!” ಮೈಸೂರಿಂದ ಮೊದಲ ಸಲ ಬಂದಾಗ ಗೆಳೆಯನ ಅಮ್ಮ ಹೀಗಂದಿದ್ದರಂತೆ. ಸನ್ನಿವೇಲ್‌ನ ಐಕ್ಲರ್ ಮನೆ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

1950, 60ರ ದಶಕಗಳಲ್ಲಿ ಜೋಸೆಫ್ ಐಕ್ಲರ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿಸಿದ ಸುಮಾರು 11,000 ಮನೆಗಳಲ್ಲಿ ಇದೂ ಒಂದು. ಬೀದಿ ಕಡೆ ಬರೀ ಹಲಗೆ ಗೋಡೆ. ಒಳಗೆ ಹೋದರೆ ಆಕಾಶ ಕಾಣುವ ಅಂಗಳ, ನಮ್ಮ ತೊಟ್ಟಿಮನೆ ಥರ. ಹಿತ್ತಿಲ ಕಡೆ ನೆಲದಿಂದ ಸೂರಿನವರೆಗೂ ಗಾಜು. ಭಾರವೆಲ್ಲ ಕಂಬ, ತೊಲೆಗಳ ಮೇಲೆ.

ಗೆಳೆಯ ಮನೆ ಮಾರಲು ಹೊರಟಿದ್ದ. ಫೋಟೋ ತೆಗೆಯೋ ಕೆಲಸ ನನ್ನದು. ಕೂಲಿ, ಅಮ್ಮನ ಕೈಯ ಬಿಸಿಬೇಳೆಬಾತ್.

ಮಧ್ಯಾಹ್ನವೆಲ್ಲ ದಂಡ. ಮರದ ಗೋಡೆಗಳಿಂದ ಒಳಗೆ ಮಬ್ಬು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗಿನದು ಕಾಣಿಸಿದರೆ ಹಿತ್ತಿಲು ಬೆಳ್ಳಗೆ ಮಾಯ. ಗಾಜಿನ ತುಂಬಾ ನಾನೇ, ಟ್ರೈಪಾಡ್ ಸಮೇತ. ಇಂಥ ಮನೆಗೆ ಕಪ್ಪು ಬಟ್ಟೆ ಹಾಕ್ಕೊಂಡು ಹೋಗಬೇಕು. ನಾನು ಹಳದಿ ಟೀ ಶರ್ಟಲ್ಲಿದ್ದೆ! ಕ್ಯಾಮೆರಾ ಚೂರು ಮೇಲೆತ್ತಿದರೂ ಕಂಬಗಳು ಒಂದರ ಕಡೆ ಒಂದು ವಾಲುತ್ತಿದ್ದವು. ಕೊನೆಗೆ ಸೊಂಟದೆತ್ತರಕ್ಕೆ ಇಳಿಸಿ ಮಟ್ಟ ಮಾಡಿದೆ.

ಹೊತ್ತು ಮುಳುಗಿದ ಮೇಲೆ ಸ್ವಲ್ಪ ಹೊತ್ತು ಆಕಾಶದ ಬೆಳಕೂ ಮನೆಯ ಬೆಳಕೂ ಸಮ ಇರುತ್ತೆ. ಅದಕ್ಕೇ ಕಾದಿದ್ದೆ. 1960ರಲ್ಲಿ ಫೋಟೋಗ್ರಾಫರ್ ಜೂಲಿಯಸ್ ಶುಲ್ಮನ್ ಲಾಸ್ ಏಂಜಲೀಸ್‌ನ ಸ್ಟಾಲ್ ಹೌಸ್ ಅನ್ನೋ ಗುಡ್ಡದ ಮೇಲಿನ ಗಾಜಿನ ಮನೆಯ ಫೋಟೋ ತೆಗೆದಾಗ, ಕೆಳಗಿನ ಊರ ದೀಪಗಳಿಗಾಗಿ ಕ್ಯಾಮೆರಾದ ಷಟರನ್ನು ನಿಮಿಷಗಟ್ಟಲೆ ತೆರೆದಿಟ್ಟು, ಆಮೇಲೆ ಒಳಗೆ ಕೂತ ಇಬ್ಬರು ಹೆಂಗಸರಿಗೆ ಫ್ಲಾಶ್ ಹೊಡೆದಿದ್ದರು. ಎರಡೂ ಒಂದೇ ಫಿಲ್ಮ್ ಮೇಲೆ. ನನ್ನ ಹತ್ತಿರ ಡಿಜಿಟಲ್ ಇದ್ದೂ ಕೈ ನಡುಗುತ್ತಿತ್ತು.

ಹಿತ್ತಿಲಲ್ಲಿ ನಿಂತು ಬಟನ್ ಒತ್ತಿದೆ. ಆಗಲೇ ಅಮ್ಮ ಗಾಜಿನಾಚೆ ದೇವರ ಮುಂದೆ ಕೂತು ಕಡ್ಡಿ ಗೀರಿದರು. ದೀಪ ಹಚ್ಚೋ ಹೊತ್ತು, ಅವರನ್ನ ಏಳಿಸೋಕಾಗುತ್ತಾ? ಷಟರ್ ಎರಡು ಸೆಕೆಂಡ್ ತೆರೆದಿತ್ತು. ಕೈ ಮಸುಕಾಗಿ ಬೆಂಕಿ ಒಂದು ಗೆರೆಯಾಗಿತ್ತು. ಮುಖ ಮಾತ್ರ ಅಲುಗಿರಲಿಲ್ಲ.

ಅವತ್ತಿನ ಒಳ್ಳೇ ಫೋಟೋ ಅದೊಂದೇ. ಏಜೆಂಟ್ ಬೇಡ ಅಂದರು, ಮನೆ ಮಾರೋ ಫೋಟೋದಲ್ಲಿ ಮನುಷ್ಯರು ಇರಬಾರದಂತೆ. ಶುಲ್ಮನ್ ಕತೆ ಹೇಳಿದೆ. ಅವರು ಗಡಿಯಾರ ನೋಡಿದರು.

ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಬೆರಳಲ್ಲಿ ಎಳೆದೆಳೆದು ದೊಡ್ಡದು ಮಾಡಿ ನೋಡಿದರು. “ಚೆನ್ನಾಗಿದೆ ಕಣಪ್ಪಾ. ಆದ್ರೆ ಹಿಂದೆ ಒಲೆ ಮೇಲೆ ಕುಕ್ಕರ್ ಕಾಣ್ತಿದೆಯಲ್ಲಾ, ತೆಗೆದಿಡೋದಲ್ವಾ?”